ಮೂವತ್ತೆರಡು ಬಿಟ್ಟು ಅರವತ್ತನಾಲ್ಕಕ್ಕೆ

2023ರ ದಸರಾ ರಜೆ. ಮಧ್ಯವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟನ್ನು ಮುಂದಿಟ್ಟುಕೊಂಡು ಜಗಲಿಯಲ್ಲಿ ಕುಳಿತಿದ್ದೆ. ಹಿಂದಿನ ದಿನವಷ್ಟೇ ಬೆಂಗಳೂರಿನಿಂದ ಬಂದಿದ್ದ ಮಗ ಒಳಗೆ ಕಂಪ್ಯೂಟರಿನ ಮುಂದೆ ಕುಳಿತಿದ್ದವನು ಅಲ್ಲಿಂದಲೇ ಕೂಗಿದ:

"ಅಮ್ಮಾ, ಇನ್ನೂ ಮೂವತ್ತೆರಡು ಬಿಟ್ಟಾ?"

"ಬಿಟ್ಟಿಲ್ಲ ಕಣೋ. ಮೂವತ್ತೆರಡನೇ ನಂಬರಿನ ಹುಡುಗ ಪರೀಕ್ಷೆಗೇ ಬಂದಿಲ್ಲ, ಜ್ವರವಂತೆ" ಎಂದೆ.

ಒಳಗಿನಿಂದ ನಗು ಕೇಳಿಸಿತು. ಅವನು ಕೇಳಿದ್ದು ನನ್ನ ಉತ್ತರಪತ್ರಿಕೆಯ ವಿಚಾರವಲ್ಲ, ನಮ್ಮ ಮನೆಯ ಕಂಪ್ಯೂಟರಿನ ವಿಚಾರ. ಅದರೊಳಗಿದ್ದ ವಿಂಡೋಸು 32 ಬಿಟ್ಟಿನದಂತೆ. ಲೋಕವೆಲ್ಲ 64 ಬಿಟ್ಟಿಗೆ ಹೋಗಿ ಎಷ್ಟೋ ಕಾಲವಾಯಿತಂತೆ. ನಾನೊಬ್ಬಳು ಮಾತ್ರ ಮೂವತ್ತೆರಡನ್ನು ಬಿಡದೆ ಹಿಡಿದುಕೊಂಡು ಕೂತಿದ್ದೇನಂತೆ. ಕನ್ನಡದಲ್ಲಿ 'ಬಿಟ್ಟು' ಎಂದರೆ ತೊರೆದು ಎಂದರ್ಥ. ಏನನ್ನೂ ಬಿಡಲಾರದ ನನ್ನಂಥವಳ ಮನೆಗೆ ಈ ಶಬ್ದವೇ ಬಂದು ವಕ್ಕರಿಸಬೇಕೆ ಎನಿಸಿತು.

ನಾನು ಬಿ.ಎ., ಬಿ.ಎಡ್. ಓದಿದವಳು. ಸಾಗರದ ಕಡೆಯ ಒಂದು ಪ್ರೌಢಶಾಲೆಯಲ್ಲಿ ಮಕ್ಕಳಿಗೆ ಕನ್ನಡವನ್ನೂ ಸಮಾಜ ವಿಜ್ಞಾನವನ್ನೂ ಹೇಳಿಕೊಡುತ್ತ ಮೂರು ದಶಕ ಸವೆಸಿದ್ದೇನೆ. ಕಂಪ್ಯೂಟರು ನನಗೆ ಮಿಕ್ಸರಿನ ಹಾಗೆ. ಗುಂಡಿ ಒತ್ತಿದರೆ ತಿರುಗಬೇಕು, ಸುಟ್ಟ ವಾಸನೆ ಬಂದರೆ ನಿಲ್ಲಿಸಬೇಕು. ಅದರ ಹೊಟ್ಟೆಯೊಳಗೆ ಎಷ್ಟು ಬಿಟ್ಟು ಇದ್ದರೆ ನನಗೇನು? ಆದರೆ ಆ ವರ್ಷದ ಆರಂಭದಿಂದಲೇ ಅಂತರ್ಜಾಲ ನೋಡುವ ಕ್ರೋಮ್ ಎಂಬ ತಂತ್ರಾಂಶ ದಿನಕ್ಕೊಮ್ಮೆ ಪಟ್ಟಿ ತೋರಿಸಿ, ನಿಮ್ಮ ವಿಂಡೋಸ್ 7ಕ್ಕೆ ಇನ್ನು ಮುಂದೆ ನನ್ನ ಹೊಸ ಆವೃತ್ತಿ ಸಿಗುವುದಿಲ್ಲ ಎಂದು ಎಚ್ಚರಿಸತೊಡಗಿತ್ತು. ವಿಂಡೋಸ್ 7ಕ್ಕೆ ಅದನ್ನು ಮಾಡಿದವರೇ 2020ರ ಜನವರಿ 14ಕ್ಕೆ ಕೈಕೊಟ್ಟಿದ್ದರು. ಮಕ್ಕಳ ವಿವರ ತುಂಬುವುದು, ಅಂಕಪಟ್ಟಿ ಕಳಿಸುವುದು ಎಲ್ಲವೂ ಅಂತರ್ಜಾಲದಲ್ಲೇ ಆಗುವ ಕಾಲದಲ್ಲಿ ಬಾಗಿಲಿಗೆ ಚಿಲಕವಿಲ್ಲದ ಮನೆಯಲ್ಲಿ ಎಷ್ಟು ದಿನ ಮಲಗುವುದು? ಮಗನ ವಾದ ಇದು.

"ಹಾಗಾದರೆ ಹೊಸದನ್ನು ಹಾಕು, ಯಾರು ಬೇಡ ಅಂದರು?" ಎಂದೆ.

"ಹಾಕಬಹುದು. ಆದರೆ ಅಪ್ಪನ ಪದಕೋಶ ಆಮೇಲೆ ತೆರೆಯೋದಿಲ್ಲ."

ನನ್ನ ಕೈಯಲ್ಲಿದ್ದ ಕೆಂಪು ಪೆನ್ನು ಅಲ್ಲೇ ನಿಂತಿತು.

ನಮ್ಮ ಮನೆಯವರು ಅಡಕೆ ಬೆಳೆಗಾರರ ಒಂದು ಸಹಕಾರಿ ಸಂಘದಲ್ಲಿ ಗುಮಾಸ್ತರಾಗಿದ್ದರು. ದಿನವಿಡೀ ಬೆಳೆಗಾರರ ಒಡನಾಟ. ಚಾಲಿ, ಬೆಟ್ಟೆ, ಗೊರಬಲು ಎಂದು ಅಡಕೆಯ ಲೆಕ್ಕ ಬರೆಯುತ್ತಿದ್ದವರಿಗೆ ಯಾವ ಗಳಿಗೆಯಲ್ಲೋ ಆ ಶಬ್ದಗಳ ಮೇಲೇ ಮೋಹ ಹುಟ್ಟಿತು. ಮರ ಹತ್ತಿ ಕೊನೆ ಇಳಿಸುವವನು ಕೊನೆಗೌಡ. ಅಡಕೆ ಸುಲಿಯುವುದು ಮೆಟ್ಟುಗತ್ತಿಯಲ್ಲಿ. ಸೀಳಿದ ಅಡಕೆ ಮರ ದಬ್ಬೆ. ತೋಟದ ಸುತ್ತ ತೋಡಿದ ಕಂದಕ ಅಗಳ. ಸೊಪ್ಪು ತರುವ ಕಾಡು ಸೊಪ್ಪಿನ ಬೆಟ್ಟ. ಪೇಟೆಯಲ್ಲಿ ಬೆಳೆದ ಮಕ್ಕಳಿಗೆ ಇವು ಗೊತ್ತಿಲ್ಲ, ಇನ್ನಿಪ್ಪತ್ತು ವರ್ಷಕ್ಕೆ ಹೇಳುವವರೂ ಇರುವುದಿಲ್ಲ ಎಂದು ಇವರು ಸಂಬಳದ ಚೀಟಿಯ ಹಿಂದೆ, ಬಸ್ ಟಿಕೇಟಿನ ಮೇಲೆ ಎಲ್ಲೆಂದರಲ್ಲಿ ಬರೆದುಕೊಳ್ಳುವರು. 1997ರಲ್ಲಿ ನಮ್ಮ ಮನೆಗೆ ಮೊದಲ ಕಂಪ್ಯೂಟರು ಬಂತು. ಟೈಪಿಂಗ್ ಕಲಿಸುತ್ತಿದ್ದ ಪರಿಚಯದ ಹುಡುಗನೊಬ್ಬ ಇವರಿಗಾಗಿಯೇ ಒಂದು ಪುಟ್ಟ ಪ್ರೋಗ್ರಾಮು ಬರೆದುಕೊಟ್ಟ. ಮೇಲಿನ ಖಾನೆಯಲ್ಲಿ ಪದ, ಕೆಳಗಿನ ಖಾನೆಯಲ್ಲಿ ಅರ್ಥ. ಇಪ್ಪತ್ತು ವರ್ಷದಲ್ಲಿ ಇವರು ಅದರಲ್ಲಿ 3,412 ಪದ ತುಂಬಿದರು. ಪುಸ್ತಕ ಮಾಡಬೇಕೆಂಬ ಆಸೆಯಿತ್ತು. 2018ರಲ್ಲಿ ಹೃದಯ ನಿಂತಿತು, ಆಸೆಯೂ ಅಲ್ಲಿಗೇ ನಿಂತಿತು.

2010ರಲ್ಲಿ ಶಿವಮೊಗ್ಗದಲ್ಲಿ ಎರಡನೆಯ ಕಂಪ್ಯೂಟರು ಜೋಡಿಸುವಾಗ ಅಂಗಡಿಯ ಹುಡುಗ "64 ಬಿಟ್ಟಿನ ವಿಂಡೋಸ್ ಹಾಕಲೇ?" ಎಂದು ಕೇಳಿದ್ದನಂತೆ. ಯಂತ್ರದ ಪ್ರೊಸೆಸರು ಆಗಲೇ 64ಕ್ಕೆ ತಯಾರಾಗಿತ್ತು. ಇವರು ತಮ್ಮ ಪದಕೋಶ ಅದರಲ್ಲಿ ಓಡುವುದಿಲ್ಲ ಎಂದು ತಿಳಿದುಕೊಂಡು 32ರದ್ದನ್ನೇ ಹಾಕಿಸಿಕೊಂಡು ಬಂದಿದ್ದರು. ಅದನ್ನು ನಾನು ಆವರೆಗೆ ಅವರ ಜಿಪುಣತನದ ಲೆಕ್ಕಕ್ಕೆ ಬರೆದಿದ್ದೆ.

ಏಕೆ ಓಡುವುದಿಲ್ಲ ಎಂದು ಕೇಳಿದೆ. ಕಲಿಸುವವಳಿಗೆ ಕಲಿಯುವ ಚಟವೂ ಇರುತ್ತದಲ್ಲ.

ಮಗ ಹೇಳಿದ್ದನ್ನು ನನಗೆ ತಿಳಿದಂತೆ ಹೇಳುತ್ತೇನೆ. ಕಂಪ್ಯೂಟರಿನ ನೆನಪು ಎಂದರೆ ಸಾಲು ಸಾಲು ಗೂಡುಗಳು. ಪ್ರತಿ ಗೂಡಿಗೂ ಒಂದು ಬಾಗಿಲ ನಂಬರು. ಆ ನಂಬರನ್ನು ಬರೆಯುವುದು ಸೊನ್ನೆ, ಒಂದು ಎಂಬ ಎರಡೇ ಅಂಕೆಗಳಲ್ಲಿ. ಅಂಥ ಅಂಕೆ ಎಷ್ಟು ಉದ್ದಕ್ಕೆ ಬರೆಯಬಹುದೋ ಅಷ್ಟು ಬಿಟ್ಟು. ಒಂದು ಅಂಕೆ ಹೆಚ್ಚಿದರೆ ಬಾಗಿಲುಗಳು ಇಮ್ಮಡಿಯಾಗುತ್ತವೆ.

ಇದನ್ನು ಕೇಳಿದ ಕೂಡಲೇ ನನಗೆ ತರಗತಿಯಲ್ಲಿ ಹೇಳುವ ಚದುರಂಗದ ಕಥೆ ನೆನಪಾಯಿತು. ಹಾಸಿನ ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು ಎಂದು ರಾಜನಲ್ಲಿ ಬೇಡಿದವನ ಕಥೆ. ಎರಡು ಸಾಲು, ಅಂದರೆ 16 ಮನೆ ತುಂಬುವಾಗ ಒಟ್ಟು 65,535 ಕಾಳು. ಒಂದೆರಡು ಸೇರಿನ ಮಾತು. ಅರ್ಧ ಹಾಸು, 32 ಮನೆ ತುಂಬುವಾಗ 4,29,49,67,295 ಕಾಳು. ಗ್ರಾಮಿಗೆ ನಲವತ್ತು ಅಕ್ಕಿಕಾಳು ಎಂದು ಹಿಡಿದರೆ ನೂರೇಳು ಟನ್ನು, ಹತ್ತು ಲಾರಿ ಲೋಡು. ರಾಜ ಇಲ್ಲಿಯವರೆಗೆ ಹೇಗೋ ಕೊಟ್ಟಾನು. ಪೂರ್ತಿ ಹಾಸು, 64 ಮನೆ ತುಂಬಬೇಕೆಂದರೆ ಸುಮಾರು 1.84 ಲಕ್ಷ ಕೋಟಿ ಕೋಟಿ ಕಾಳು. ಭೂಮಿಯ ಗದ್ದೆಯೆಲ್ಲ ಬೆಳೆದರೂ ಒಂದು ವರ್ಷಕ್ಕೆ ಸಾಲದು. 32 ಬಿಟ್ಟು ಎಂದರೆ ಅರ್ಧ ಹಾಸು. ಆ ನಾನೂರು ಕೋಟಿ ಚಿಲ್ಲರೆ ಬಾಗಿಲುಗಳೇ 4 ಜಿಬಿ. ಅದಕ್ಕಿಂತ ಹೆಚ್ಚು ನೆನಪನ್ನು ಯಂತ್ರಕ್ಕೆ ತಂದು ಜೋಡಿಸಿದರೂ ಸಾಮಾನ್ಯ 32ರ ವಿಂಡೋಸು ಅದನ್ನು ಕಾಣಲಾರದು. 64 ಬಿಟ್ಟು ಎಂದರೆ ಪೂರ್ತಿ ಹಾಸು. ಬಾಗಿಲ ನಂಬರಿನ ಬರವೇ ಇಲ್ಲ.

"ಸರಿ, ನಮ್ಮ ಯಂತ್ರದಲ್ಲಿ ಎಷ್ಟು ಜಿಬಿ ಇದೆ?" ಎಂದೆ.

"ಎರಡು."

"ಹಾಗಾದರೆ ಅರ್ಧ ಹಾಸನ್ನೇ ನಾವು ತುಂಬಿಸಿಲ್ಲ. ಪೂರ್ತಿ ಹಾಸು ಕಟ್ಟಿಕೊಂಡು ಏನು ಮಾಡುವುದು?"

ಮಗ ನನ್ನ ಕಡೆ ಒಮ್ಮೆ ಬೆರಗಿನಿಂದ ನೋಡಿದ. "ಸರಿಯಾದ ಪ್ರಶ್ನೆ ಕೇಳಿದೆ ಅಮ್ಮ" ಎಂದ. 2 ಜಿಬಿಯ ಯಂತ್ರದಲ್ಲಿ 64ನ್ನು ಹಾಕಿದರೆ ಲಾಭಕ್ಕಿಂತ ಹೊರೆಯೇ ಹೆಚ್ಚಂತೆ. ಬಾಗಿಲ ನಂಬರು ಉದ್ದವಾದಷ್ಟೂ ಅದನ್ನು ಬರೆದಿಡುವುದಕ್ಕೇ ಜಾಗ ಬೇಕಲ್ಲ. ವಿಂಡೋಸ್ 7 ಮಾಡಿದವರೇ 32ರದ್ದಕ್ಕೆ ಕನಿಷ್ಠ 1 ಜಿಬಿ, 64ರದ್ದಕ್ಕೆ ಕನಿಷ್ಠ 2 ಜಿಬಿ ಎಂದು ಬರೆದಿದ್ದರು. ಲಾಭವೂ ಇಲ್ಲದಿಲ್ಲ. ಲೆಕ್ಕ ಮಾಡುವಾಗ ಪ್ರೊಸೆಸರು ಕೈಯಳತೆಯಲ್ಲಿ ಇಟ್ಟುಕೊಳ್ಳುವ ಬಟ್ಟಲುಗಳು 32ರಲ್ಲಿ ಎಂಟು, 64ರಲ್ಲಿ ಹದಿನಾರು. ಒಲೆಯ ಪಕ್ಕದ ಸಾಂಬಾರ ಬಟ್ಟಲಿನಲ್ಲಿ ಸಾಸಿವೆ, ಮೆಂತ್ಯ, ಅರಿಸಿನ ಎಲ್ಲವೂ ಇದ್ದರೆ ಉಗ್ರಾಣಕ್ಕೆ ಓಡುವುದು ತಪ್ಪುವ ಹಾಗೆ. ದೊಡ್ಡ ಚಿತ್ರ, ಚಲನಚಿತ್ರ, ಲಕ್ಷಗಟ್ಟಲೆ ಸಾಲಿನ ಲೆಕ್ಕ ಇಂಥವನ್ನು ಅಡುಗೆ ಮಾಡುವವರಿಗೆ ಅದು ದೊಡ್ಡ ಅನುಕೂಲ. ದಿನಕ್ಕೆರಡು ಪುಟ ಪ್ರಶ್ನೆಪತ್ರಿಕೆ ಟೈಪು ಮಾಡುವ ನನ್ನ ಬೆರಳುಗಳಿಗೆ ಬಿಟ್ಟು ಎಷ್ಟಾದರೂ ವೇಗ ಅಷ್ಟೇ.

ಇನ್ನು ಪದಕೋಶದ ವಿಚಾರ. ಇಂಟೆಲ್‌ನವರ 8086 ಎಂಬ ಪ್ರೊಸೆಸರು ಬಂದದ್ದು 1978ರಲ್ಲಿ. ಅದು 16 ಬಿಟ್ಟಿನದು. 1985ರಲ್ಲಿ 80386 ಬಂದು 32 ಬಿಟ್ಟಿಗೆ ದಾರಿಯಾಯಿತು. ಮನೆಮನೆಯ ಯಂತ್ರಗಳಿಗೆ 64 ಬಿಟ್ಟನ್ನು ತಂದವರು ಎಎಮ್‌ಡಿ ಕಂಪನಿಯವರು, 2003ರಲ್ಲಿ. ಪ್ರತಿ ಸಲವೂ ಹೊಸ ಮನೆ ಕಟ್ಟಿದವರು ಹಳಬರಿಗೊಂದು ಕೋಣೆ ಬಿಟ್ಟರು. 32ರ ವಿಂಡೋಸಿನಲ್ಲಿ 16ರ ಪ್ರೋಗ್ರಾಮುಗಳಿಗೆ ಒಂದು ಕೋಣೆ. 64ರ ವಿಂಡೋಸಿನಲ್ಲಿ 32ರ ಪ್ರೋಗ್ರಾಮುಗಳಿಗೆ ಒಂದು ಕೋಣೆ. ಆದರೆ 64ರಲ್ಲಿ 16ಕ್ಕೆ ಕೋಣೆಯಿಲ್ಲ. ಮಗನ ಮನೆಯಲ್ಲಿ ಅಪ್ಪನಿಗೆ ಜಾಗವುಂಟು, ಅಜ್ಜನಿಗಿಲ್ಲ. ನಮ್ಮ ಪದಕೋಶದ ಪ್ರೋಗ್ರಾಮು 1997ರಲ್ಲಿ ಬರೆದದ್ದಾದರೂ ಆ ಹುಡುಗ ಬಳಸಿದ ಸಾಮಗ್ರಿ ಇನ್ನೂ ಹಳೆಯದು, 16 ಬಿಟ್ಟಿನದು. ಅದೇ ಆ ಅಜ್ಜ.

ಸಾಲದ್ದಕ್ಕೆ ಇನ್ನೊಂದು ತೊಡಕು. 32ರ ವಿಂಡೋಸಿನ ಮೇಲೆ 64ರದ್ದನ್ನು ಹೊದಿಕೆ ಹೊದಿಸಿದ ಹಾಗೆ ಹೊದಿಸಲು ಬರುವುದಿಲ್ಲ. ಹಳೆಯದನ್ನು ಕಿತ್ತು ಹೊಸದಾಗಿಯೇ ಹಾಕಬೇಕು. ಜನ ಇದನ್ನು ಮೇಲ್ದರ್ಜೆಗೇರಿಸುವುದು ಎನ್ನುತ್ತಾರೆ. ನಿಜವಾಗಿ ಅದು ಮನೆ ಖಾಲಿ ಮಾಡುವುದು. ಎರಡು ತಿಂಗಳ ಹಿಂದೆ ಪೇಟೆಯ ರಿಪೇರಿಯವನೊಬ್ಬ ನಮ್ಮ ಯಂತ್ರ ನೋಡಿ, "ಫಾರ್ಮ್ಯಾಟ್ ಹೊಡೆದು 64 ಹಾಕಿಬಿಡೋಣ ಮೇಡಂ, ಅರ್ಧ ದಿನದ ಕೆಲಸ" ಎಂದಿದ್ದ. ಅವತ್ತು ಕೈಯಲ್ಲಿ ದುಡ್ಡಿರಲಿಲ್ಲ, ಸಂಬಳ ಬಂದ ಮೇಲೆ ನೋಡೋಣ ಎಂದು ಕಳಿಸಿದ್ದೆ. ಸಂಬಳ ನಾಲ್ಕು ದಿನ ಮುಂಚೆ ಬಂದಿದ್ದರೆ ಏನಾಗುತ್ತಿತ್ತೆಂದು ನೆನೆದು ಬೆನ್ನಹುರಿ ತಣ್ಣಗಾಯಿತು.

"ಹಾಗಾದರೆ ಮುದ್ರಿಸಿ ಇಟ್ಟುಕೊಂಡುಬಿಡೋಣ. ಪದ, ಅರ್ಥ ಎಲ್ಲ ಕಾಗದಕ್ಕೆ ಬಂದರೆ ಆಯಿತು. ಆಮೇಲೆ ನೀನು ಯಂತ್ರಕ್ಕೆ ಏನು ಬೇಕಾದರೂ ಮಾಡಿಕೋ" ಎಂದೆ. ಕಾಗದವನ್ನು ನಂಬುವ ಜಾತಿ ನಮ್ಮದು.

ಮಗನಿಗೆ ಅದು ಒಪ್ಪಿಗೆಯಾಗಲಿಲ್ಲ. ಅವನು ಎರಡು ದಾರಿ ಹೇಳಿದ. ಒಂದು, 64ರ ಹೊಸ ಮನೆಯೊಳಗೆ ಹಳೆಯ ವಿಂಡೋಸಿನದೇ ಒಂದು ಮಾಯಾ ಯಂತ್ರವನ್ನು ಕೂರಿಸುವುದು. ಪರದೆಯೊಳಗೆ ಇನ್ನೊಂದು ಪರದೆ; ಅದರಲ್ಲಿ ಅಜ್ಜನ ಕೋಣೆ ಹಾಗೆಯೇ ಇರುತ್ತದೆ. ಇನ್ನೊಂದು, ಪದಗಳನ್ನೇ ಹೊರಗೆ ತೆಗೆದು ಯಾವ ಪ್ರೋಗ್ರಾಮಿನ ಹಂಗೂ ಇಲ್ಲದ ಹಾಗೆ ಬರೆದಿಡುವುದು. ಮೊದಲನೆಯದು ಒಂದು ದಿನದ ಕೆಲಸ, ಎರಡನೆಯದು ಎಷ್ಟು ದಿನದ್ದೋ ಗೊತ್ತಿಲ್ಲ ಎಂದ. ಮಾಯಾ ಯಂತ್ರಕ್ಕೂ ಒಂದು ದಿನ ಮುಪ್ಪು ಬರುವುದಿಲ್ಲವೇ ಎಂದು ಕೇಳಿದೆ. ಬರುತ್ತದೆ ಎಂದ. ಹಾಗಾದರೆ ಎರಡನೆಯದೇ ಇರಲಿ ಎಂದೆ.

ತೊಂದರೆ ಅಕ್ಷರಗಳಲ್ಲಿತ್ತು. 1997ರ ಆ ಪ್ರೋಗ್ರಾಮಿಗೆ ಕನ್ನಡವೆಂಬುದೊಂದು ಇದೆ ಎಂದೇ ಗೊತ್ತಿರಲಿಲ್ಲ. ಇಂಗ್ಲಿಷಿನ ಅಕ್ಷರ, ಚಿಹ್ನೆಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ ಒಂದು ಫಾಂಟು, ಅಷ್ಟೆ. ಫಾಂಟು ತೆಗೆದರೆ ಕಾಣುವುದು ಪ್ರಶ್ನಾರ್ಥಕ, ಡಾಲರು, ಆವರಣಗಳ ಜಾತ್ರೆ. ಇವರ ಇಪ್ಪತ್ತು ವರ್ಷದ ಕನ್ನಡ ಇಂಗ್ಲಿಷಿನ ವೇಷ ಹಾಕಿಕೊಂಡು ಕೂತಿತ್ತು. ಆಗ ಒಬ್ಬೊಬ್ಬರ ಫಾಂಟಿನಲ್ಲಿ ಒಂದೊಂದು ಜೋಡಣೆ. ಒಬ್ಬರದು ಇನ್ನೊಬ್ಬರಿಗೆ ತಿಳಿಯದು. ಯೂನಿಕೋಡು ಬಂದು ಈ ಗೊಂದಲ ಹರಿಯಿತು. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗವಿತ್ತು. ಅದರಲ್ಲಿ 'ಅ' ಅಕ್ಷರಕ್ಕೆ 3205 ಎಂಬ ಸಂಖ್ಯೆ. ಯಾವ ದೇಶದ ಯಾವ ಯಂತ್ರದಲ್ಲಾದರೂ 3205 ಎಂದರೆ 'ಅ' ಎಂದೇ ಅರ್ಥ. ಆದರೆ ಅದು ಮನೆಮನೆಯ ಯಂತ್ರಗಳಲ್ಲಿ ಕನ್ನಡ ಬರೆಯುವ ಮಟ್ಟಿಗೆ ಇಳಿದು ಬರುವ ಹೊತ್ತಿಗೆ ಇವರ ಕೋಶ ಅರ್ಧ ತುಂಬಿಹೋಗಿತ್ತು.

ಮಗ ಹಳೆಯ ಯಂತ್ರ ಇನ್ನೂ ಓಡುತ್ತಿದ್ದಾಗಲೇ ಅದರ ಕಡತವನ್ನು ಬಿಚ್ಚುವ ಸಣ್ಣದೊಂದು ಪ್ರೋಗ್ರಾಮು ಬರೆದ. ಯಾವ ಚಿಹ್ನೆಗೆ ಯಾವ ಕನ್ನಡ ಆಕಾರ ಎಂಬ ಪಟ್ಟಿಯನ್ನು ನಾವಿಬ್ಬರೂ ಕುಳಿತು ಎರಡು ರಾತ್ರಿ ತಯಾರಿಸಿದೆವು. ಮೂರನೆಯ ದಿನ ಬೆಳಿಗ್ಗೆ ಯೂನಿಕೋಡಿನ ಪಟ್ಟಿ ಹೊರಬಿತ್ತು. ಸಂಭ್ರಮದಿಂದ ಓದತೊಡಗಿದೆ. ತೋಟಕ್ಕೆ ಹೊಡೆಯುವ 'ಬೋರ್ಡೋ' ದ್ರಾವಣ 'ಬೋಡೋರ್' ಆಗಿತ್ತು. 'ಕಾರ್ತಿಕ' ಮಾಸ 'ಕಾತಿರ್ಕ'ವಾಗಿತ್ತು. ಅರ್ಕಾವತ್ತಿನ ಕಾಟ! ಕಣ್ಣಿಗೆ ಅರ್ಕಾವತ್ತು ಅಕ್ಷರದ ನಂತರ ಕಾಣುತ್ತದೆ, ಉಚ್ಚಾರದಲ್ಲಿ ಮೊದಲು ಬರುತ್ತದೆ. ಹಳೆಯ ಫಾಂಟು ಕಣ್ಣಿನ ಮಾತು ಕೇಳುವುದು, ಯೂನಿಕೋಡು ಕಿವಿಯ ಮಾತು ಕೇಳುವುದು. ನನ್ನ ಎಂಟನೇ ತರಗತಿಯ ಮಕ್ಕಳು ಮಾಡುವ ತಪ್ಪನ್ನೇ ಕಂಪ್ಯೂಟರೂ ಮಾಡಿದೆ ಎಂದು ನನಗೆ ಅದರ ಮೇಲೆ ಮೊದಲ ಬಾರಿಗೆ ಮಮತೆ ಹುಟ್ಟಿತು. ಮಗ ಅದನ್ನು ತಿದ್ದಿದ. ಒತ್ತಕ್ಷರಗಳಲ್ಲಿ ಉಳಿದ ತಪ್ಪುಗಳನ್ನು ಒಂದೊಂದಾಗಿ ತಿದ್ದುವ ಕೆಲಸ ನನ್ನ ಪಾಲಿಗೆ ಬಂತು. ಕೆಂಪು ಪೆನ್ನು ಹಿಡಿದವಳಿಗೆ ಬೇರೇನು ಬರುತ್ತದೆ?

ರಜೆ ಮುಗಿದು ಮಗ ಹೊರಡುವ ಮುನ್ನ, "ಅಮ್ಮ, ಇದರಲ್ಲಿ ಮೂರನೇ ಖಾನೆ ಒಂದಿದೆ, ನೋಡಿದೆಯಾ?" ಎಂದ.

ನಾನು ನೋಡಿರಲಿಲ್ಲ. ಪ್ರೋಗ್ರಾಮಿನ ಪರದೆಯಲ್ಲಿ ಯಾವಾಗಲೂ ಕಾಣುತ್ತಿದ್ದದ್ದು ಪದ ಮತ್ತು ಅರ್ಥ, ಎರಡೇ. ಮುದ್ರಿಸಿದರೂ ಬರುತ್ತಿದ್ದದ್ದು ಆ ಎರಡೇ. ಕೀಲಿಮಣೆಯ ಮೇಲಿನ ಸಾಲಿನ ಯಾವುದೋ ಗುಂಡಿ ಒತ್ತಿದರೆ ಮಾತ್ರ ತೆರೆಯುವ ಟಿಪ್ಪಣಿಯ ಖಾನೆಯೊಂದು ಇತ್ತಂತೆ. ಯಾವ ಗುಂಡಿ ಎಂಬುದು ಇವರಿಗೊಬ್ಬರಿಗೇ ಗೊತ್ತಿತ್ತು. ಅದರಲ್ಲಿ ಇವರು ಪ್ರತಿ ಪದವನ್ನೂ ಯಾರು ಹೇಳಿದರು, ಎಲ್ಲಿ, ಯಾವಾಗ ಎಂದು ಬರೆದಿಟ್ಟಿದ್ದರು. ಸಂತೆಯಲ್ಲಿ ಮುದುಕಿಯೊಬ್ಬಳು ಹೇಳಿದ್ದು. ಮಳೆಗಾಲಕ್ಕೆ ಮುಂಚೆ ಕೊನೆಗಳಿಗೆ ಕೊಟ್ಟೆ ಕಟ್ಟುವಾಗ ಮರದ ಮೇಲಿನಿಂದ ಕೊನೆಗೌಡ ಕೂಗಿ ಹೇಳಿದ್ದು. ಅತ್ತೆ ಸಾಯುವ ವರ್ಷ ಹೇಳಿದ್ದು. ಪದಗಳ ಪಟ್ಟಿಯೆಂದು ನಾನು ತಿಳಿದಿದ್ದುದು ಜನರ ಪಟ್ಟಿಯೂ ಆಗಿತ್ತು. ಅವರಲ್ಲಿ ಎಷ್ಟೋ ಮಂದಿ ಇವರಿಗಿಂತ ಮೊದಲೇ ಹೋಗಿದ್ದರು.

ಒಂದು ಪದದ ಮುಂದೆ ಹೀಗಿತ್ತು: "ಹಗೇವು. ನೆಲದೊಳಗೆ ಕಾಳು ತುಂಬಿಡುವ ಹೊಂಡ. ನಮ್ಮ ಕಡೆ ಇಲ್ಲ. ಮನೆಯವಳು ಹೇಳಿದ್ದು."

ನನ್ನ ತವರು ದಾವಣಗೆರೆಯ ಕಡೆಯ ಬಯಲುಸೀಮೆ. ಜೋಳ, ರಾಗಿಯ ನಾಡು. ನನ್ನ ಅಜ್ಜನ ಮನೆಯಂಗಳದಲ್ಲಿ ಹಗೇವು ಇತ್ತು. ಬಾಯಿ ತೆಗೆದ ಕೂಡಲೇ ಯಾರೂ ಒಳಗಿಳಿಯುವಂತಿರಲಿಲ್ಲ. ಕೆಟ್ಟ ಗಾಳಿ ಹೋಗಲೆಂದು ಕಾದು, ದೀಪ ಇಳಿಸಿ, ಅದು ಆರದಿದ್ದರೆ ಮಾತ್ರ ಆಳು ಇಳಿಯುವನು. ಮದುವೆಯಾಗಿ ಈ ಮಳೆಯ ಊರಿಗೆ ಬಂದ ಹೊಸದರಲ್ಲಿ, ನೆಲದೊಳಗೆ ಕಾಳಿಟ್ಟರೆ ಮೊಳಕೆ ಬರುತ್ತದೆ ಎಂದು ಇವರು ನಕ್ಕಿದ್ದರು. ನಾನು ಸಿಟ್ಟಾಗಿದ್ದೆ. ಅಡಕೆಯ ಪದಕೋಶದಲ್ಲಿ ಅದಕ್ಕೇನು ಕೆಲಸ? ಹುಡುಕಿದೆ. ಕೂರಿಗೆ, ಎಡೆಕುಂಟೆ, ಹೀಗೆ ನಲವತ್ತಮೂರು ಪದಗಳ ಮುಂದೆ "ಮನೆಯವಳು ಹೇಳಿದ್ದು" ಎಂದಿತ್ತು. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಈ ಮನುಷ್ಯ ನನ್ನ ಮಾತು ಕಿವಿಗೇ ಹಾಕಿಕೊಳ್ಳುವುದಿಲ್ಲ ಎಂದು ದೂರಿದ್ದೇ ದೂರಿದ್ದು. ನಾನು ಹೇಳಿದ ಹಾಗೆ ಬರಿಯ ಮುದ್ರಣ ತೆಗೆದುಕೊಂಡು ಯಂತ್ರವನ್ನು ಒರೆಸಿಬಿಟ್ಟಿದ್ದರೆ ಆ ದೂರು ನನ್ನೊಂದಿಗೇ ಉಳಿದುಬಿಡುತ್ತಿತ್ತು.

ಆ ಮೇಲೆ ಯಂತ್ರಕ್ಕೆ ಚಿಕಿತ್ಸೆಯಾಯಿತು. 2 ಜಿಬಿ ತೆಗೆದು 8 ಜಿಬಿ ಹಾಕಿದ. ತಿರುಗುವ ಡಿಸ್ಕಿನ ಬದಲು ತಿರುಗದ ಎಸ್‌ಎಸ್‌ಡಿ ಹಾಕಿದ. ವಿಂಡೋಸ್ 10ರ 64 ಬಿಟ್ಟಿನ ಆವೃತ್ತಿ ಹಾಕಿದ. ಹಳೆಯ ಡಿಸ್ಕನ್ನು ಅಳಿಸದೆ ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟೆ. ಮೊದಲು ಗುಂಡಿ ಒತ್ತಿ ಕಾಫಿ ಸೋಸಿ ಕುಡಿದು ಬಂದರೂ ಏಳದಿದ್ದ ಯಂತ್ರ ಈಗ ಡಿಕಾಕ್ಷನ್ ಇಳಿಯುವ ಮೊದಲೇ ಎದ್ದು ಕೂರತೊಡಗಿತು. 64ರ ಮಹಿಮೆ ಎಂದು ಹೊಗಳಿದರೆ ಮಗ ಪ್ರಾಮಾಣಿಕವಾಗಿ, "ಅಲ್ಲಮ್ಮ, ಅದು ಎಸ್‌ಎಸ್‌ಡಿಯ ಮಹಿಮೆ. 64ರಿಂದ ಆದದ್ದು, 8 ಜಿಬಿಯನ್ನು ಪೂರ್ತಿ ಬಳಸಲು ಬಂತು, ಅಷ್ಟೇ" ಎಂದ. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ ಎಂಬ ಗಾದೆ ನೆನೆದು ನಾನೂ ಸುಮ್ಮನಾದೆ.

ಈ ಪಾಠ ನಮ್ಮ ಶಾಲೆಯಲ್ಲಿ ಉಪಯೋಗಕ್ಕೆ ಬಂತು. ಮುಂದಿನ ಜನವರಿಯಲ್ಲಿ ಹಳೆಯ ವಿದ್ಯಾರ್ಥಿಗಳು ಇಪ್ಪತ್ತೈದು ಸಾವಿರ ರೂಪಾಯಿ ಕೊಟ್ಟರು. ಶಾಲೆಯ ಆರು ಕಂಪ್ಯೂಟರುಗಳೂ 2 ಜಿಬಿಯವು, 32ರವು. ಎಲ್ಲಕ್ಕೂ 64 ಹಾಕಿಸಿಬಿಡಿ, ಮಕ್ಕಳು ಹಿಂದುಳಿಯಬಾರದು ಎಂದು ಸಭೆಯಲ್ಲಿ ಒತ್ತಾಯವಾಯಿತು. ಮುಖ್ಯೋಪಾಧ್ಯಾಯಿನಿಯವರು, "ನಿಮ್ಮ ಮಗ ಕಂಪ್ಯೂಟರಿನವರಲ್ಲವೇ, ನೀವೇ ಹೇಳಿ ಮೇಡಂ" ಎಂದು ನನ್ನ ಕಡೆ ತಿರುಗಿದರು. ನಾನು ಎದ್ದು ನಿಂತು ಚದುರಂಗದ ಕಥೆ ಹೇಳಿದೆ. 2 ಜಿಬಿ ಇಟ್ಟುಕೊಂಡು 64ಕ್ಕೆ ಹೋದರೆ ದೊಡ್ಡ ಪಾತ್ರೆಯಲ್ಲಿ ಪಾವಕ್ಕಿ ಬೇಯಿಸಿದಂತೆ ಎಂದೆ. ನಮ್ಮ ಹಳೆಯ ಪ್ರಿಂಟರನ್ನು ಮಾಡಿದವರು 64ಕ್ಕೆ ಒಗ್ಗುವ ಡ್ರೈವರ್ ತಂತ್ರಾಂಶವನ್ನು ಕೊಟ್ಟೇ ಇಲ್ಲ, ಎಲ್ಲವನ್ನೂ ಬದಲಿಸಿದರೆ ಪ್ರಶ್ನೆಪತ್ರಿಕೆ ಅಚ್ಚಾಗುವುದಿಲ್ಲ ಎಂದೂ ಹೇಳಿದೆ. ಕೊನೆಗೆ ಮೂರು ಯಂತ್ರಗಳಿಗೆ ನೆನಪು ಹೆಚ್ಚಿಸಿ 64 ಹಾಕಿಸಿದೆವು. ಅಂತರ್ಜಾಲದ ಕೆಲಸ ಅವುಗಳಲ್ಲಿ. ಉಳಿದ ಮೂರಕ್ಕೆ ಅಂತರ್ಜಾಲದ ತಂತಿ ಕಿತ್ತು ಟೈಪು ಕಲಿಯಲು ಬಿಟ್ಟೆವು. ಪ್ರಿಂಟರು ಅವುಗಳ ಪೈಕಿ ಒಂದಕ್ಕೆ. ಮಿಕ್ಕ ಹಣದಲ್ಲಿ ಗ್ರಂಥಾಲಯಕ್ಕೆ ಒಂದು ಬೀರು ಬಂತು.

ಹಾಗಾದರೆ 64ಕ್ಕೆ ಹೋಗುವುದು ಲಾಭವೋ ಅಲ್ಲವೋ ಎಂದು ಯಾರಾದರೂ ನನ್ನನ್ನು ಕೇಳಿದರೆ, ನಾನು ಮೊದಲು ಕೇಳುವುದು ಎರಡು ಮಾತು. ನಿಮ್ಮ ಯಂತ್ರದ ನೆನಪು ಎಷ್ಟು? ಬಿಟ್ಟುಹೋಗುವುದರಲ್ಲಿ ಏನಿದೆ? ವೇಗದ ಆಸೆಗೆ ಹೋಗುವುದಾದರೆ ನಿರಾಸೆಯಾದೀತು. ಆದರೆ ಹಳೆಯ ಮನೆಯನ್ನು ಕಾಯುವವರು ಕಾವಲು ಬಿಟ್ಟು ಹೋದ ಮೇಲೆ ಅಲ್ಲಿಯೇ ಇರುತ್ತೇನೆಂಬುದೂ ಹಟವೇ. ವಿಂಡೋಸ್ 11 ಎಂಬುದು 2021ರಲ್ಲಿ ಬಂದಾಗ ಅದರಲ್ಲಿ 32ರ ಆವೃತ್ತಿಯನ್ನು ಮಾಡಲೇ ಇಲ್ಲ. ಹಳೇ ಗಂಡನ ಪಾದವೇ ಗತಿ ಎಂಬ ಗಾದೆ ಯಂತ್ರಕ್ಕೆ ಹೊಂದುವುದಿಲ್ಲ. ಹೋಗಲೇಬೇಕು. ಹೋಗುವ ಮುಂಚೆ ಮನೆಯ ಮೂಲೆಮೂಲೆಗೂ ದೀಪ ಹಿಡಿದು ನೋಡಿ ಹೋಗಬೇಕು. ಯಾವ ಗುಂಡಿಯ ಹಿಂದೆ ಯಾವ ಖಾನೆಯಿದೆಯೋ ಯಾರಿಗೆ ಗೊತ್ತು?

ಇದು ಎಷ್ಟು ನಿಜವೆಂದು ಮತ್ತೆರಡು ವರ್ಷಕ್ಕೇ ತಿಳಿಯಿತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಕಾವಲೂ ಮುಗಿಯಿತು. ನಮ್ಮ 2010ರ ಯಂತ್ರಕ್ಕೆ 11ನ್ನು ಹಾಕಲು ಬರುವುದಿಲ್ಲ. ಅದು ಕೇಳುವ ಹೊಸ ಪ್ರೊಸೆಸರೂ ಭದ್ರತೆಯ ಚಿಪ್ಪೂ ಇದರಲ್ಲಿಲ್ಲ. ಮಗ ದೀಪಾವಳಿಗೆ ಬಂದವನು ಲಿನಕ್ಸ್ ಎಂಬ ಉಚಿತ ವ್ಯವಸ್ಥೆಯನ್ನು ಹಾಕಿದ. ಅದರ ಹೆಸರಾಂತ ಆವೃತ್ತಿಗಳೂ ಒಂದೊಂದಾಗಿ 32ನ್ನು ಕೈಬಿಟ್ಟಿವೆಯಂತೆ. ಉಬುಂಟುವಿನವರು 2017ರಲ್ಲೇ ಮನೆಬಳಕೆಯ ಯಂತ್ರಗಳಿಗೆ 32ರ ಪ್ರತಿ ಕೊಡುವುದನ್ನು ನಿಲ್ಲಿಸಿದ್ದರು. ಈ ಸಲ ನಾನು ಗಾಬರಿಯಾಗಲಿಲ್ಲ. ಪದಕೋಶ ಈಗ ಯಾವ ಪ್ರೋಗ್ರಾಮಿನ ಹಂಗಿಲ್ಲದ ಒಂದು ಸಾದಾ ಕಡತ. ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಹೋಗಿ ಇಲ್ಲಿ ತೆರೆದರೆ ಅದೇ ಅ, ಅದೇ ಆ, ಅರ್ಕಾವತ್ತೂ ತನ್ನ ಜಾಗದಲ್ಲೇ. ಮೊದಲ ಸಲ ಹದಿನೈದು ದಿನ ಹಿಡಿದ ಕೆಲಸ ಎರಡನೆಯ ಸಲ ಒಂದು ಸಾರು ಕುದಿಯುವಷ್ಟರಲ್ಲಿ ಆಯಿತು. ಅದರ ಪ್ರತಿಗಳು ಮಗನ ಹತ್ತಿರ ಒಂದು, ನನ್ನ ತಮ್ಮನ ಮನೆಯಲ್ಲಿ ಒಂದು ಇವೆ. ಕಾಗದದ ಮೇಲೂ ಒಂದು ಇದೆ, ಮೂರು ಖಾನೆಯ ಸಮೇತ. ಕಾಗದದ ಮೇಲಿನ ನನ್ನ ನಂಬಿಕೆ ಇನ್ನೂ ಪೂರ್ತಿ ಹೋಗಿಲ್ಲ.

ಪುಸ್ತಕ ಮಾಡುವ ಕೆಲಸ ನಿವೃತ್ತಿಯ ಮೇಲೆ ಎಂದುಕೊಂಡಿದ್ದೇನೆ. ಇವರು ಬಿಟ್ಟ ಕಡೆಯಿಂದ ನಾನು ಮುಂದುವರಿಸಬಾರದೆಂದೇನೂ ಇಲ್ಲವಲ್ಲ. ಹೋದ ವಾರ ರಾತ್ರಿ ಊಟವಾದ ಮೇಲೆ ಕುಳಿತು 3,413ನೆಯ ಪದವನ್ನು ಸೇರಿಸಿದೆ:

"ಬಿಟ್. ಯಂತ್ರದ ಒಂದು ಅಂಕೆ. ಸೊನ್ನೆ ಅಥವಾ ಒಂದು. ನಮ್ಮ ಕಡೆ ಮೊದಲು ಇರಲಿಲ್ಲ. ಮಗ ಹೇಳಿದ್ದು."